ಪಿಕಪ್‌ಗೆ ಕಿವಿ ಕೊಟ್ಟ ಫಾಯಿಝಾ

“ನನ್ನ ಕಿವಿ ಅಂದ್ರೆ ಏನಂತ ತಿಳಿದಿದ್ದೀರಿ ಅಕ್ಕ? ವೇಣೂರಿನಲ್ಲಿ ಇರುವೆ ಸೀನಿದರೆ ಇಲ್ಲಿ ಬಿ.ಸಿ.ರೋಡಿನಲ್ಲಿ ನನಗೆ ಕೇಳ್ತದೆ!”

ಐದನೇ ಕ್ಲಾಸಿನ ಫಾಯಿಝಾ ಹೀಗೆಂದಾಗ ಗ್ಯಾರೇಜಿನ ಕಾಂತಿಯಕ್ಕ ನಗಲಿಲ್ಲ. ಪಿಕಪ್‌ನ ಬಾನೆಟ್ ಎತ್ತುತ್ತಾ, “ಇರುವೆಗೆ ಶೀತವಾ?” ಎಂದಳು, ಅಷ್ಟೆ.

ಪಿಕಪ್ ಫಾಯಿಝಾಳ ಉಪ್ಪ, ಅಂದರೆ ಅಪ್ಪ, ಅಬ್ದುಲ್ ವಹಾಬರದು. ಹನ್ನೊಂದು ವರ್ಷ ದುಬೈಯಲ್ಲಿ ಯಾರದೋ ಗಾಡಿ ಓಡಿಸಿದ ಅವರು ಮೊನ್ನೆ ವಿಟ್ಲದಿಂದ ತಂದ ಮೊದಲ ಸ್ವಂತ ಗಾಡಿ ಇದು. ಹಳೆಯದು ಎಂದರೆ ಎಷ್ಟು ಹಳೆಯದು? ನೇತ್ರಾವತಿ ಹೊಳೆ ಇನ್ನೂ ಸಣ್ಣ ತೋಡಾಗಿದ್ದಾಗಲೇ ಇದಕ್ಕೆ ಮೂರು ಸಲ ಟಯರ್ ಬದಲಾಗಿತ್ತು! ಸ್ಟಾರ್ಟ್ ಮಾಡಿದರೆ ಸಾಕು, ಡೀಸೆಲ್ ಎಂಜಿನ್‌ನೊಳಗೆ ಟಕ್ ಟಕ್ ಟಕ್. ಆ ಬಡಿತಕ್ಕೆ ಪಕ್ಕದ ಹೋಟೆಲಿನ ಇಡ್ಲಿಗಳು ಒಂದು ಪ್ಲೇಟಿನಿಂದ ಇನ್ನೊಂದು ಪ್ಲೇಟಿಗೆ ನೆಗೆಯುತ್ತಿದ್ದವು.

“ಬೇರಿಂಗ್ ಹೋಗಿದೆಯಂತೆ,” ಎಂದರು ಉಪ್ಪ. “ನಿನ್ನೆ ಮಗಳು ಮೆಕ್ಯಾನಿಕ್‌ಗಳ ಹಾಗೆ ಎಂಜಿನ್‌ಗೆ ಸ್ಕ್ರೂಡ್ರೈವರ್ ಇಟ್ಟು, ಕಿವಿಗೊಟ್ಟು ಕೇಳಿದ್ದಾಳೆ. ಸದ್ದು ಎಂಜಿನ್‌ನ ಅಡಿಯಿಂದ ಬರ್ತದಂತೆ. ಹಾಗಾದರೆ ಪೂರ್ತಿ ಬಿಚ್ಚಬೇಕಲ್ಲ, ಅಷ್ಟು ಖರ್ಚು ನನ್ನಿಂದಾಗದು. ಮಧ್ಯಾಹ್ನದೊಳಗೆ ಕೊಟ್ಟರೆ ಗಾಡಿ ಮಾರಿದ ವಿಟ್ಲದವರು ವಾಪಸ್ ತಗೊಳ್ತಾರೆ.”

ಫಾಯಿಝಾ ತನ್ನ ಚಪ್ಪಲಿ ನೋಡಿಕೊಂಡಳು.

“ಮೊದಲು ನೋಡುವ ವಹಾಬಣ್ಣ,” ಎಂದಳು ಕಾಂತಿಯಕ್ಕ.

ಅವಳ ಕೆಲಸ ನೋಡಬೇಕು! ಓಡುತ್ತಿರುವ ಎಂಜಿನ್‌ನ ಮೇಲೆ ಬಗ್ಗಿ, ಡೀಸೆಲ್ ಹೋಗುವ ನಾಲ್ಕು ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿ ಮಾಡುತ್ತಾ ಹೋದಳು. ನಟ್ಟು ಸಡಿಲವಾದ ಸಿಲಿಂಡರಿಗೆ ಡೀಸೆಲ್ ಇಲ್ಲ, ಅದಕ್ಕೆ ರಜೆ. ಮೊದಲನೆಯದು ಸಡಿಲವಾಯಿತು. ಎಂಜಿನ್ ಮುಗ್ಗರಿಸಿತು, ಟಕ್ ಟಕ್ ನಿಲ್ಲಲಿಲ್ಲ. ಎರಡನೆಯದೂ ಅದೇ ಕತೆ. ಮೂರನೆಯದು... ಸದ್ದೇ ಮಾಯ! ಬಿಗಿ ಮಾಡಿದರೆ ಮತ್ತೆ ಟಕ್ ಟಕ್.

“ಮೂರನೇ ನಾಝಲ್,” ಎಂದಳು. “ಡೀಸೆಲನ್ನು ಸಣ್ಣಗೆ ಚಿಮುಕಿಸುವುದು ಬಿಟ್ಟು ದಡಕ್ಕನೆ ಸುರೀತಾ ಉಂಟು. ಅದೊಂದು ಸರಿ ಮಾಡಿದರೆ ಸಾಕು ಅಂತ ಕಾಣ್ತದೆ.”

ಉಪ್ಪನ ಮುಖ ಅರಳಿತು.

“ನಿಲ್ಲಿ,” ಎಂದಳು ಕಾಂತಿಯಕ್ಕ. “ಬೇರಿಂಗ್ ಹೋಗಿದ್ದರೂ ಹೀಗೆ ಮಾಡಿದಾಗ ಸದ್ದು ತಗ್ಗುವುದುಂಟು. ಮಗಳು ಅಡಿಯಿಂದ ಕೇಳಿದ್ದಾಳಲ್ಲ, ಅದನ್ನು ಬಿಡಲಿಕ್ಕಾಗುವುದಿಲ್ಲ. ಬಾ, ಎಲ್ಲಿ ಕೇಳಿತು, ತೋರಿಸು.”

ಫಾಯಿಝಾ ದೊಡ್ಡ ಡಾಕ್ಟರಂತೆ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ಚೂಪು ತುದಿಯನ್ನು ಕಿವಿಯ ಹತ್ತಿರ ತಂದಳು.

“ಅಯ್ಯೋ ಮಾರಾಯ್ತಿ!” ಕಾಂತಿಯಕ್ಕ ಅವಳ ಕೈ ಹಿಡಿದಳು. “ತುದಿ ಎಂಜಿನ್‌ಗೆ, ಹಿಡಿ ಕಿವಿಗೆ! ನಿನ್ನೆ ಹೀಗೇ ಕೇಳಿದ್ದಾ ನೀನು?”

ಫಾಯಿಝಾ ಸ್ಕ್ರೂಡ್ರೈವರ್ ಕೆಳಗಿಟ್ಟಳು.

“ನಾನು ಕೇಳಲೇ ಇಲ್ಲ,” ಎಂದಳು ಫಾಯಿಝಾ ಮೆಲ್ಲಗೆ. “ಅನ್ಸಾಫ್‌ನ ಮಾವನ ಜೀಪಿಗೆ ಬೇರಿಂಗ್ ಹೋಗಿತ್ತಂತೆ. ಕ್ಲಾಸಿನಲ್ಲಿ ಅವನು ಹೇಳಿದ್ದನ್ನೇ, ನಾನು ಕಂಡುಹಿಡಿದದ್ದು ಅಂತ ಹೇಳಿದೆ ಉಪ್ಪಾ.”

ಉಪ್ಪ ಬೈಯಲಿಲ್ಲ. “ನಾನು ನಂಬಿಬಿಟ್ಟಿದ್ದೆ ಮಗಳೇ,” ಎಂದರು.

ಕಾಂತಿಯಕ್ಕ ತಾನೇ ಕಿವಿಯಿಟ್ಟಳು. ಎಂಜಿನ್‌ನ ಅಡಿಯಲ್ಲಿ ತುಂಬಾ ಹೊತ್ತು, ಮೇಲೆ ತುಂಬಾ ಹೊತ್ತು. “ಅಡಿಯಲ್ಲಿ ಏನೂ ಇಲ್ಲ. ನಾಝಲೇ. ಗಾಡಿ ಇಟ್ಟುಕೊಳ್ಳಿ ವಹಾಬಣ್ಣ.”

ಉಪ್ಪ ವಿಟ್ಲಕ್ಕೆ ಫೋನ್ ಮಾಡಲು ಹೊರಗೆ ಹೋದರು. ಕಾಂತಿಯಕ್ಕ ಸ್ಕ್ರೂಡ್ರೈವರನ್ನು ಸರಿಯಾಗಿ ತಿರುಗಿಸಿ ಫಾಯಿಝಾಳ ಕೈಗೆ ಕೊಟ್ಟಳು.

“ಏನು ಕೇಳ್ತದೆ?”

ಫಾಯಿಝಾ ಕಣ್ಣು ಮುಚ್ಚಿದಳು. ‘ಗುಡುಗು ಕೇಳ್ತದೆ’ ಎನ್ನಲು ಬಾಯಿ ತೆರೆದಳು, ಹೇಳದೆ ಮುಚ್ಚಿದಳು. ಇನ್ನೂ ಸ್ವಲ್ಪ ಹೊತ್ತು ಕೇಳಿದಳು.

“ನನಗೆ ಗೊತ್ತಾಗ್ತಾ ಇಲ್ಲ ಅಕ್ಕ.”