ಹದಿಮೂರನೇ ಜಡೆ

ಮಧ್ಯಾಹ್ನದ ದೋಣಿಯಲ್ಲಿ ನಮ್ಮ ದ್ವೀಪಕ್ಕೆ ಬಂದವರು ಇಬ್ಬರೇ, ಒಬ್ಬರು ಮುದುಕರು ಮತ್ತು ಅವರ ಮಗಳು. ಮೋಡ ಕವಿದು ಸಮುದ್ರ ಮುಖ ಊದಿಸಿಕೊಂಡಿತ್ತು. ಮಗಳು ತಂದೆಯನ್ನು ಮ್ಯೂಸಿಯಂ ಬಾಗಿಲಲ್ಲಿ ನನಗೆ ಒಪ್ಪಿಸಿದಳು.

"ಮೇಡಂ, ಅಪ್ಪನ್ನ ಸ್ವಲ್ಪ ನೋಡ್ಕೊಳ್ಳಿ. ನಾನು ದಡದಲ್ಲೇ ಇರ್ತೀನಿ. ಅಮ್ಮ ಹೋದ್ಮೇಲೆ ಇಲ್ಲಿಗೆ ಬರ್ಬೇಕು ಅಂತ ಒಂದೇ ಹಟ ಹಿಡಿದಿದಾರೆ."

ಮುದುಕರು ತಲೆ ಎತ್ತಿದರು. ನಲವತ್ತೊಂದು ವರ್ಷ ಕಳೆದರೂ ಆ ಓರೆನೋಟ ಹಾಗೇ ಇತ್ತು.

ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಮೋಟು ನರೆಗೂದಲು, ದಪ್ಪ ಕನ್ನಡಕ, ಮಠದ ಮೌನದಲ್ಲಿ ಒರಟಾದ ದನಿ, ಕೊರಳಲ್ಲಿ ಗೈಡ್ ಎಂಬ ಕಾರ್ಡು.

ಇದು ಮೊದಲು ಸನ್ಯಾಸಿನಿಯರ ಮಠ. ಮಠ ಮುಚ್ಚಿ ಮ್ಯೂಸಿಯಂ ಆದಾಗ ಉಳಿದವರೆಲ್ಲ ಆಚೆ ದಡ ಸೇರಿದರು. ನಾನೊಬ್ಬಳು ಸನ್ಯಾಸ ಬಿಟ್ಟು ಇಲ್ಲೇ ಕೆಲಸಕ್ಕೆ ನಿಂತೆ. ಹೋಗಲು ಬೇರೆ ಜಾಗವಿರಲಿಲ್ಲ.

ಪ್ರಾರ್ಥನೆಯ ಹಜಾರದಲ್ಲಿ ಈಗ ಬಲೆ, ಲಂಗರು, ಒಂದು ಹಳೇ ದೋಣಿ.

"ದೇವರನ್ನ ಕಳಿಸಿ ದೋಣಿ ತಂದಿಟ್ಟಿದೀರಲ್ರೀ," ಎಂದರು.

"ದೇವರು ಟಿಕೆಟ್ ತಗೊಳ್ಳಲ್ಲ ನೋಡಿ."

ಅವರು ನಕ್ಕರು. ಆ ನಗುವಿಗೆ ಒಂದು ಕಾಲದಲ್ಲಿ ನಾನು ಊಟ ನಿದ್ದೆ ಬಿಟ್ಟಿದ್ದೆ.

"ಜಡೆಗಳಿವೆಯಂತಲ್ಲ, ಅದನ್ನ ತೋರಿಸಿ."

ಒಳಕೋಣೆಗೆ ಕರೆದೊಯ್ದು ಅಗಲವಾದ ಡ್ರಾಯರ್ ಎಳೆದೆ. ಮಠ ಸೇರಿದ ದಿನ ಕತ್ತರಿಸಿದ ಜಡೆಗಳು ಸಾಲಾಗಿ ಮಲಗಿದ್ದವು. ಒಂದಕ್ಕೂ ಹೆಸರಿಲ್ಲ, ಸೇರಿದ ಕ್ರಮದಲ್ಲಿ ನಂಬರ್ ಮಾತ್ರ.

"ನಾನು ಹಗ್ಗ ಹೊಸೆಯೋನು. ಅವಳದ್ದು ಯಾವ್ದು ಅಂತ ಕಂಡುಹಿಡೀತೀನಿ," ಎಂದರು.

"ಯಾರದ್ದು?"

"ಸಿಡುಕಿ ಅಂತಿದ್ದೆ ನಾನು. ಮೂಗಿನ ತುದೀಲೇ ಕೋಪ. ಅವಳು ಈ ದ್ವೀಪದವಳು, ನಾನು ಆಚೆ ದಡದೋನು. ಸೋಮವಾರದೊಳಗೆ ಬಂದು ಹೆಣ್ಣು ಕೇಳ್ಲಿ, ಇಲ್ಲಾಂದ್ರೆ ಮಗಳು ಮಠಕ್ಕೆ ಅಂದಿದ್ರು ಅವರಪ್ಪ. ಆ ವಾರ ಬಿರುಗಾಳಿ, ದೋಣಿ ಬಿಡ್ಲಿಲ್ಲ. ಮಂಗಳವಾರ ಬಂದೆ. ಬಾಗಿಲು ಹಾಕಿತ್ತು." ಅವರು ಕಣ್ಣೊರೆಸಿಕೊಂಡರು. "ನಾನು ಕೈಕೊಟ್ಟೆ ಅಂದ್ಕೊಂಡೇ ಒಳಗೆ ಹೋಗಿರ್ತಾಳೆ, ಪಾಪ."

ನಾನು ಹಾಗೆ ಅಂದುಕೊಂಡಿರಲಿಲ್ಲ. ದೋಣಿ ಬಿಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಇನ್ನೊಂದು ದಿನ ಕಾಯೋಣ ಎಂದು ಅಪ್ಪನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಈಗ ಸುಮ್ಮನಿದ್ದರೆ ಅವರ ನೆನಪಿನಲ್ಲಿ ಪಾಪದ ಹುಡುಗಿಯಾಗಿಯೇ ಉಳಿಯುತ್ತಿದ್ದೆ. ಬಾಯಿಬಿಟ್ಟರೆ ಅದೂ ಹೋಗುತ್ತಿತ್ತು. ನನ್ನ ಪಾಲಿಗೆ ಇದ್ದದ್ದು ಅದೊಂದೇ.

ಅವರು ಕಣ್ಣು ಮುಚ್ಚಿ ಒಂದೊಂದೇ ಜಡೆಯನ್ನು ಬೆರಳಲ್ಲಿ ಸವರುತ್ತ ಹೋದರು. ಹನ್ನೆರಡನ್ನು ಮುಟ್ಟಿ ಮುಂದೆ ಸಾಗಿದರು. ಅದು ನನ್ನದು. ಹದಿಮೂರರ ಮೇಲೆ ಕೈ ನಿಂತಿತು.

"ಇದೇ! ಎಡಗೈ ಎಳೆ ಮೇಲೆ ಬಂದಿದೆ. ಮೂರು ಸುತ್ತಿಗೊಂದ್ಸಲ ಬಿಗಿ. ಅವಳು ಎಡಚಿ, ಹೀಗೇ ಹೆಣೀತಿದ್ದಿದ್ದು."

ಅದನ್ನು ಕೆನ್ನೆಗೊತ್ತಿಕೊಂಡು ಅತ್ತುಬಿಟ್ಟರು.

ನಮ್ಮ ಮಠದಲ್ಲಿ ಹೊಸಬಳ ಜಡೆಯನ್ನು ಅವಳಿಗಿಂತ ಮೊದಲು ಸೇರಿದವಳು ಹೆಣೆಯಬೇಕಿತ್ತು. ಆಮೇಲೆಯೇ ಕತ್ತರಿ. ಹದಿಮೂರನೆಯವಳ ಜಡೆ ಹೆಣೆದವಳು ನಾನು. ಅವರ ಕಣ್ಣಿಗೆ ನಾನು ಸಿಗಲಿಲ್ಲ, ಬೆರಳಿಗೆ ನನ್ನ ಕೈ ಸಿಕ್ಕಿತ್ತು. ಇಷ್ಟು ತಿಳಿದವರನ್ನು ಸುಳ್ಳು ನಂಬಿಸಿ ಕಳಿಸಲು ನನ್ನಿಂದಾಗಲಿಲ್ಲ.

"ಅದು ನನ್ನದಲ್ಲ ಕಣೋ," ಎಂದೆ. "ಅದನ್ನ ಹೆಣೆದವಳು ನಾನು. ನನ್ನದು ಪಕ್ಕದ್ದು."

ಅವರು ತುಂಬಾ ಹೊತ್ತು ನನ್ನನ್ನೇ ನೋಡಿದರು. ಕೈಯಲ್ಲಿದ್ದ ಜಡೆಯನ್ನು ಮೆಲ್ಲಗೆ ಡ್ರಾಯರಿನಲ್ಲಿಟ್ಟರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ದೋಣಿ ಬಿಟ್ಟಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಹೋದೆ."

"ಗೊತ್ತಿತ್ತಾ?" ಅವರು ಬೆಂಚಿನ ಮೇಲೆ ಕುಸಿದರು. "ಇಷ್ಟು ವರ್ಷ ನಾನು ಆ ಗಾಳೀನ ಬೈದೆನಲ್ಲೇ. ಬರ್ತೀನಿ ಅನ್ನೋ ನಂಬಿಕೆ ಇರ್ಲಿಲ್ವಾ ನಿಂಗೆ?"

"ಇತ್ತು. ಬಿರುಗಾಳಿ ಇದ್ರೂ ಹೇಗಾದ್ರೂ ಬಂದೇ ಬರ್ತೀಯ ಅಂತಿದ್ದೆ. ಅದಕ್ಕೇ ಸೋಮವಾರ ಕೋಪ ಬಂದಿದ್ದು. ಆ ಕೋಪ ಸಂಜೆಗೆ ಇಳೀತು. ಅಷ್ಟರಲ್ಲಿ ಕೂದಲು ಹೋಗಿತ್ತು. ಮಾರನೇ ದಿನ ನೀನು ಬಾಗಿಲು ಬಡಿದದ್ದು ಕೇಳಿಸ್ತು. ಯಾವ ಮುಖ ಇಟ್ಕೊಂಡು ಹೊರಗೆ ಬರ್ಲಿ?"

ಅವರು ಹನ್ನೆರಡನೇ ಜಡೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಡದಿಂದ ದೋಣಿಯ ಹಾರ್ನ್ ಕೇಳಿಸಿತು. ಅವರು ಏಳಲಿಲ್ಲ. ನಾನೇ ಕೈ ಹಿಡಿದು ಎಬ್ಬಿಸಿದೆ.

"ಹೋಗು. ಮಗಳು ಕಾಯ್ತಿರ್ತಾಳೆ."

ದಡದವರೆಗೂ ಆ ಕೈ ಬಿಡಲಿಲ್ಲ. ಮುದುಕರನ್ನು ಗೈಡ್ ಹುಷಾರಾಗಿ ಇಳಿಸುತ್ತಿದ್ದಾಳೆ ಎಂದುಕೊಂಡಿರಬೇಕು ಮಗಳು.

"ಅಪ್ಪಾ, ಅವ್ರ ಜಡೆ ಸಿಕ್ತಾ?"

ಅವರು ನನ್ನ ಮೋಟುಗೂದಲನ್ನು ನೋಡಿದರು.

"ಸಿಕ್ತು ಕಣಮ್ಮ. ಬಹಳ ದಪ್ಪ ಜಡೆ ಅಂತ ನೆನಪಿತ್ತು ನಂಗೆ. ನೋಡಿದ್ರೆ ಇಲಿಬಾಲ!"

ಹೇಳಿ, ನೀರು ತುಂಬಿದ ಅದೇ ಓರೆನೋಟದಲ್ಲಿ ನನ್ನ ಕಡೆ ನೋಡಿ ನಕ್ಕರು. ಕೋಪ ಬರಬೇಕಿತ್ತು ನನಗೆ. ದೋಣಿ ಕಣ್ಮರೆಯಾಗುವವರೆಗೂ ಅಳುತ್ತಾ ನಿಂತಿದ್ದೆ.