ಮೊದಲು ಊಟದ ವಿಚಾರ

ಶ್ರೀಪ್ರಿಯಾ ವಾರಗಟ್ಟಲೆ ಕೆಮ್ಮಿದವಳಂತೆ ದುಪಟ್ಟಾವನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಭಿವಂಡಿ ಹತ್ತಿರದ ವಾಗ್ಳೆ ಎಸ್ಟೇಟಿನಲ್ಲಿ ಆರೋಗ್ಯ ಸಂಸ್ಥೆಯೊಂದರ ಟ್ರೇನಿಂಗ್ ಹಾಲ್. ಅಭ್ಯಾಸಕ್ಕೆಂದು ಅವಳು ರೋಗಿ, ಎದುರಿಗಿದ್ದ ಮಧ್ವೇಶ ಮನೆಬಾಗಿಲಿಗೆ ಬಂದ ಆರೋಗ್ಯ ಕಾರ್ಯಕರ್ತ.

ಅವನು ಗಂಟಲು ಸರಿಮಾಡಿಕೊಂಡು ಕೇಳಿದ: "ನಿರೋಧ್ ಉಪಯೋಗಿಸ್ತೀರಾ?"

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಪಾಪ, ಅವನದೇನು ತಪ್ಪು? ಭಿವಂಡಿಯ ಮಗ್ಗದ ಗಲ್ಲಿಗಳಲ್ಲಿ ವರ್ಷಗಟ್ಟಲೆ ಏಡ್ಸ್ ಒಂದನ್ನೇ ಹೇಳಿಕೊಂಡು ತಿರುಗಿದವನು. ೨೦೧೩ರ ಆ ಬೇಸಿಗೆಯಲ್ಲಿ ಸಂಸ್ಥೆ ಇದ್ದಕ್ಕಿದ್ದಂತೆ ಟಿಬಿ, ಬಿಪಿ, ಶುಗರ್, ಮನಸ್ಸಿನ ಬೇಗುದಿ, ಎಲ್ಲವನ್ನೂ ನೋಡಿ ಎಂದಿತ್ತು. ಅದನ್ನು ಕಲಿಸಲು ಬಂದವಳೇ ಮೈಸೂರಿನ ಶ್ರೀಪ್ರಿಯಾ. ಅವಳಿಗೂ ನಗು ಉಕ್ಕಿತು, ನಗಲಿಲ್ಲ. ಕೆಂಪಾದ ಅವನ ಕಿವಿಗಳನ್ನು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಚಹಾದ ಹೊತ್ತಿಗೆ ಅವನು ಕೆಲಸ ಬಿಡುವ ಮಾತು ತೆಗೆದ. ಡೊಂಬಿವಲಿಯಲ್ಲಿ ಸೋದರಮಾವನ ಹೋಟೆಲಿದೆಯಂತೆ, ಸೋಮವಾರದಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನಂತೆ. ಏಡ್ಸ್ ಕೆಲಸದವನೆಂದು ತಿಳಿದದ್ದೇ ಹೆಣ್ಣಿನ ಕಡೆಯವರು ಕಾಫಿಯನ್ನೂ ಮುಟ್ಟದೆ ಎದ್ದು ಹೋಗುತ್ತಾರಂತೆ. ಕೆಲಸ ಬಿಡೆಂದು ಅಮ್ಮ ಅತ್ತು ಹಟ ಹಿಡಿದಿದ್ದಾರಂತೆ. ಶ್ರೀಪ್ರಿಯಾ ಚಹಾ ಲೋಟ ಕೆಳಗಿಟ್ಟಳು. ಅವನಿಲ್ಲದೆ ಭಿವಂಡಿಯ ಕೆಲಸ ಕುಂಟುತ್ತದೆ, ಅದು ಸರಿ. ಆದರೆ ಅವನು ಹೋದರೆ ತನ್ನ ಗತಿ? ಈ ಪ್ರಶ್ನೆ ಬಂದ ಮೇಲೆ ಅವಳಿಗೆ ತನಗೇ ಸುಳ್ಳು ಹೇಳಿಕೊಳ್ಳಲಾಗಲಿಲ್ಲ.

"ಶನಿವಾರ ನನ್ ಜೊತೆ ಭಿವಂಡಿಗೆ ಬನ್ನಿ. ಆಮೇಲೂ ಹೋಗ್ಬೇಕು ಅನ್ಸಿದ್ರೆ ಹೋಗಿ," ಎಂದಳು.

ಶನಿವಾರ ಅವನ ಹಳೆಯ ಏಡ್ಸ್ ಪ್ರಚಾರದ ಚೀಲ ಕಂಡದ್ದೇ ಗಲ್ಲಿಯ ಬಾಗಿಲುಗಳು ಮುಚ್ಚಿಕೊಂಡವು. ಏಡ್ಸ್‌ವಾಲಾ ಹೊಕ್ಕ ಮನೆಯನ್ನು ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ, ಯಾರು ತಾನೇ ತೆರೆದಾರು? ಮಧ್ವೇಶ ಕೈಚೆಲ್ಲಿ ನಿಂತ. ಅವಳು ಬಿಡುವವಳಲ್ಲ. ಮಾವನ ಹೋಟೆಲಿಗೆ ದಿನಾ ಬರುವ ಗಿರಾಕಿ ಅರ್ಧ ಊಟಕ್ಕೇ ಎದ್ದರೆ ಏನು ಕೇಳುತ್ತೀರಿ ಎಂದಳು.

"ಎಂತ ಮಾರಾಯ್ರೆ, ಊಟ ಸೇರ್ಲಿಲ್ವಾ ಅಂತ."

"ಅದನ್ನೇ ಇಲ್ಲಿ ಕೇಳಿ. ರೋಗದ ಮಾತು ಆಮೇಲೆ."

ಮಗ್ಗದವರು ಉಣ್ಣುವ ಖಾನಾವಳಿಯಲ್ಲಿ ಇಬ್ಬರೂ ಕೂತರು. ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದ ಕಲಬುರಗಿ ಕಡೆಯ ಜಟ್ಟೆಪ್ಪನನ್ನು ಮಧ್ವೇಶ ಹಾಗೆಯೇ ಕೇಳಿದ. ಜಟ್ಟೆಪ್ಪ ಊಟದಿಂದ ನಿದ್ದೆಗೆ, ನಿದ್ದೆಯಿಂದ ಸಂಜೆಯ ಜ್ವರಕ್ಕೆ, ಕೆಮ್ಮಿಗೆ, ಊರಲ್ಲಿ ಬಿಟ್ಟುಬಂದ ಹೆಂಡತಿಯ ಚಿಂತೆಗೆ ತಾನಾಗಿಯೇ ಬಂದ. ಕಫ ಪರೀಕ್ಷೆಗೂ ಒಪ್ಪಿದ. ಪಕ್ಕದ ಪಂಕ್ತಿಯವರು ನಮ್ಮದನ್ನೂ ಕೇಳಿ ಎಂದು ಹತ್ತಿರ ಸರಿದರು. ಮಧ್ವೇಶನ ಮುಖ ಅರಳಿದ್ದನ್ನು ನೋಡುತ್ತ ಶ್ರೀಪ್ರಿಯಾ ಉಣ್ಣುವುದನ್ನೇ ಮರೆತಳು.

ಕಲ್ಯಾಣ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುವಾಗ ಅವನು, ಈ ಕೆಲಸ ಬಿಡಲು ಈಗ ಮನಸ್ಸಿಲ್ಲ, ಆದರೆ ಅಮ್ಮ ಒಪ್ಪಬೇಕಲ್ಲ ಎಂದ.

"ಈ ಕೆಲಸದವನಿಗೆ ಯಾರು ಹೆಣ್ಣು ಕೊಡ್ತಾರೆ ಹೇಳಿ?"

"ಯಾರೂ ಕೊಡೋದು ಬೇಡ. ನಾನೇ ಬರ್ತೀನಿ."

ಅವನು ಬಿಟ್ಟ ಕಣ್ಣು ಬಿಟ್ಟಂತೆ ನಿಂತ. ಅವಳೇ ಮುಂದುವರಿಸಿದಳು.

"ನಿಮ್ಮನ್ನ ಕಂಡ್ರೆ ನಂಗಿಷ್ಟ, ಮಧ್ವೇಶ್. ಕೆಲಸ ಬಿಡಲ್ಲ ಅಂತ ಮೊದಲು ಅಮ್ಮನಿಗೆ ಹೇಳಿ. ಆಮೇಲೆ ನನ್ ಹೆಸರು ಹೇಳಿ."

ಡೊಂಬಿವಲಿಯ ಗಾಡಿ ಬಂತು, ಹೋಯಿತು. ಅವನು ಹತ್ತಲಿಲ್ಲ. ಮೊಬೈಲ್ ತೆಗೆದು ಅಮ್ಮನೊಡನೆ ತುಳುವಿನಲ್ಲಿ ಮಾತಾಡಿದ. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ತಡವರಿಸುತ್ತಿದ್ದ ದನಿ ಬರಬರುತ್ತ ಗಟ್ಟಿಯಾಯಿತು. ಕೊನೆಗೆ ಅವಳ ಹೆಸರು ಕೇಳಿಸಿತು. ಅವನು ಫೋನಿಗೆ ಕೈ ಅಡ್ಡ ಹಿಡಿದು ಅವಳತ್ತ ತಿರುಗಿದ.

"ನಾನು ಮಾಡುವ ಕೆಲಸ ಎಂತದ್ದು ಅಂತ ಹುಡುಗಿಗೆ ಗೊತ್ತುಂಟಾ ಅಂತ ಕೇಳ್ತಿದ್ದಾರೆ."

ಶ್ರೀಪ್ರಿಯಾ ಫೋನು ಕಿತ್ತುಕೊಂಡಳು.

"ನಾನೇ ಕಲಿಸ್ತಿರೋದು, ಅಮ್ಮಾ."