ಗುಡುಗನ ಮುಳ್ಳುಪಟ್ಟಿ

ಬಹಳ ಹಿಂದೆ, ಎತ್ತ ನೋಡಿದರೂ ಹುಲ್ಲೇ ಕಾಣುವ ಕರಿಬಯಲು ಅಂತ ಒಂದು ರಾಜ್ಯವಿತ್ತು. ಅಲ್ಲಿ ಕೂಲಿಯವನೂ ಕುರಿ ಸಾಕುತ್ತಿದ್ದ, ರಾಜನೂ ಕುರಿ ಸಾಕುತ್ತಿದ್ದ. ಆ ರಾಜ್ಯದಲ್ಲಿ ಜಟ್ಟೆಪ್ಪ ಅಂತ ಒಬ್ಬ ಕುರಿಗಾಹಿ. ಮನೆಯಲ್ಲಿ ಅವನ ಅವ್ವ, ಹೆಂಡತಿ ಲಕ್ಕವ್ವ, ಮತ್ತೆ ಗುಡುಗ. ಗುಡುಗ ಅಂದರೆ ನಾಯಿ. ನಾಯಿ ಅಂತ ಬಾಯಿಮಾತಿಗೆ ಹೇಳೋದಷ್ಟೆ, ನಿಂತರೆ ಹೋರಿಕರುವಿನಷ್ಟು ಎತ್ತರ.

ಲಕ್ಕವ್ವ ಅದನ್ನು ಮರಿಯಿದ್ದಾಗಲೇ ತವರಿನಿಂದ ಮಡಿಲಲ್ಲಿ ತಂದಿದ್ದಳು. ಅವಳ ತವರಿನವರದು ಒಂದು ಪದ್ಧತಿ. ಮಂದೆ ಕಾಯುವ ನಾಯಿಯ ಕತ್ತಿಗೆ ಕಬ್ಬಿಣದ ಮೊಳೆ ಹೊಡೆದ ಮುಳ್ಳುಪಟ್ಟಿ ಕಟ್ಟಬೇಕು. ತೋಳ ಬಾಯಿ ಹಾಕುವುದೇ ಕತ್ತಿಗಲ್ಲವೇ, ಅದಕ್ಕೆ. ಸಂಜೆ ಪಟ್ಟಿ ಬಿಚ್ಚಿದ ಮೇಲೇ ಊಟ. ಪಟ್ಟಿ ಇದ್ದರೆ ಕೆಲಸ, ಬಿಚ್ಚಿದರೆ ಊಟ ಅಂತ ಗುಡುಗನಿಗೆ ಮರಿಯಿಂದಲೇ ಗೊತ್ತಿತ್ತು. ಲಕ್ಕವ್ವ ಟಣ್ಣಂತ ಪಟ್ಟಿಯ ಕೊಂಡಿ ಬಿಚ್ಚಿ, ಕಿವಿಯ ಹಿಂದೆ ಬೆರಳಾಡಿಸಿ ರಕ್ತ ಹೀರುವ ಉಣ್ಣಿಹುಳ ಕಿತ್ತು, ಕತ್ತಿಗೆ ಬೇವಿನೆಣ್ಣೆ ಸವರಿ, ಆಮೇಲೆ ಮಜ್ಜಿಗೆಯಲ್ಲಿ ಅದ್ದಿದ ಮುದ್ದೆ ಹಾಕುತ್ತಿದ್ದಳು.

ಜಟ್ಟೆಪ್ಪನದು ಏನು ಕೆಲಸ? ಮೀಸೆ ತಿರುವೋದು. ದಾರಿಯಲ್ಲಿ ಯಾರು ಸಿಕ್ಕರೂ "ನನ್ನ ನಾಯಿ ನೋಡ್ರಪ್ಪಾ" ಅನ್ನೋದು. ಮನೆಗೆ ಬಂದರೆ "ಏನೇ ಇದು, ನಾಲ್ಕಾಳಿನ ಮುದ್ದೆ ಇದೊಂದೇ ತಿಂತದಲ್ಲೇ" ಅಂತ ಗೊಣಗೋದು.

ಆ ರಾಜ್ಯದ ಗುಡ್ಡದಲ್ಲಿ ಬೂದಿಮುಖ ಅನ್ನುವ ಮಾಂತ್ರಿಕನಿದ್ದ. ಒಂಟಿಯಾಗಿ ಸಿಕ್ಕವರ ಮೇಲೆ ಬೂದಿ ಊದುತ್ತಿದ್ದ, ಅವರು ಕುರಿಯಾಗುತ್ತಿದ್ದರು. ಅವರನ್ನೆಲ್ಲ ಗುಡ್ಡದ ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ, ಕೂಡಿ ಉಣ್ಣೆ ಕತ್ತರಿಸಿಕೊಂಡು ಬದುಕುತ್ತಿದ್ದ. ತಮ್ಮವರು ಯಾವ ಕುರಿ ಅಂತ ಹೊತ್ತು ಮುಳುಗುವುದರೊಳಗೆ ಗುರುತು ಹಿಡಿದು ಮುಟ್ಟಿದರೆ ಎಲ್ಲರಿಗೂ ಬಿಡುಗಡೆ. ತಪ್ಪು ಕುರಿ ಮುಟ್ಟಿದರೂ, ಮುಟ್ಟದೆ ಹೊತ್ತು ಮುಳುಗಿದರೂ ಹೋದವನೇ ಕುರಿ. ಸೇನಾಪತಿ ಹೋದ, ಕುರಿಯಾದ. ರಾಜ ಹೋದ, ಅವನೂ ಕುರಿಯಾದ.

ಒಂದು ದಿನ ಲಕ್ಕವ್ವ ಒರತೆಗೆ ನೀರಿಗೆ ಹೋದಳು. ಜೊತೆಗೆ ಹೋಗಬೇಕಾಗಿದ್ದ ಗುಡುಗನನ್ನು ಜಟ್ಟೆಪ್ಪ ಪಟ್ಟಿ ಕಟ್ಟಿ, ಕೋಟೆಯ ಕಾವಲಿನವರಿಗೆ ತೋರಿಸೋಕೆ ಅಂತ ಕರೆದುಕೊಂಡು ಹೋಗಿದ್ದ. ವಾಪಸು ಬರುವಷ್ಟರಲ್ಲಿ ಒರತೆಯ ಹತ್ತಿರ ಕೊಡ ಉರುಳಿ ಬಿದ್ದಿತ್ತು. ನೆಲದ ತುಂಬ ಬೂದಿ.

ಜಟ್ಟೆಪ್ಪ ಎದೆ ಎದೆ ಬಡಿದುಕೊಂಡು ಅತ್ತ. ಗುಡ್ಡಕ್ಕೆ ಹೋಗೋಣ ಅಂದರೆ ಗುಡುಗ ಒರತೆ ಬಿಟ್ಟು ಏಳಲೇ ಇಲ್ಲ.

"ಏಳೋ ಗುಡುಗಾ! ನಾನು ನಿನ್ನ ಯಜಮಾನ ಕಣೋ!" ಅಂದ. ಗುಡುಗ ಮುಖ ಆಚೆ ತಿರುಗಿಸಿತು.

ದಿನಾ ಮುದ್ದೆ ತಂದು ಮುಂದಿಟ್ಟ. ಮೂಸಲೂ ಇಲ್ಲ. ಪಕ್ಕೆಯ ಮೂಳೆ ಕಾಣತೊಡಗಿತು. ಅವ್ವ ಕೋಲೂರಿಕೊಂಡು ಬಂದು ನಾಯಿಯ ಕತ್ತು ಮುಟ್ಟಿ ನೋಡಿ, ಮಗನ ಮೇಲೆ ಸಿಡಿದಳು.

"ನಿನ್ನ ಬುದ್ಧಿಗೆ ಮಣ್ಣು ಹಾಕ! ಪಟ್ಟಿ ಇನ್ನೂ ಬಿಚ್ಚಿಲ್ವೇನೋ? ಅದು ಕೆಲಸದಲ್ಲಿದೆ ಅಂದ್ಕೊಂಡು ಉಪವಾಸ ಸಾಯ್ತಾ ಇದೆ. ಯಜಮಾನನಂತೆ, ಯಜಮಾನ!"

ಜಟ್ಟೆಪ್ಪ ಮಂಡಿಯೂರಿ ಕೊಂಡಿ ಬಿಚ್ಚಿದ. ಕತ್ತು ಸುತ್ತ ಹಸಿ ಹುಣ್ಣು. ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಹುಣ್ಣು ತೊಳೆದು ಅರಿಶಿನ ಬೆರೆಸಿದ ಬೇವಿನೆಣ್ಣೆ ಹಚ್ಚಿದ. ಕಿವಿಯ ಹಿಂದಿನ ಉಣ್ಣಿಹುಳಗಳನ್ನು ಒಂದೊಂದಾಗಿ ಕಿತ್ತ. ಪಟ್ಟಿಯ ಒಳಮೈಗೆ ತನ್ನ ರುಮಾಲು ಹರಿದು ಮೆತ್ತನೆ ಬಟ್ಟೆ ಹೊಲಿದ. ಆಗ ಗುಡುಗ ಮುದ್ದೆ ತಿಂದಿತು. ಹುಣ್ಣು ಒಣಗುವ ತನಕ ಕಾದು, ಪಟ್ಟಿ ಕಟ್ಟಿಕೊಂಡು ಇಬ್ಬರೂ ಗುಡ್ಡ ಹತ್ತಿದರು.

ರೊಪ್ಪದ ಬಾಗಿಲಲ್ಲಿ ಒಂದು ಬೂದಿತೋಳ. ಬಾಯಲ್ಲಿ ಕೆಂಡ. ಅದು ಹಾರಿ ಗುಡುಗನ ಕತ್ತಿಗೇ ಬಾಯಿ ಹಾಕಿತು. ಮೊಳೆಗಳು ಅಂಗುಳಕ್ಕೆ ನಾಟಿ, ತೋಳ ಕುಂಯ್ಯೋ ಅಂತ ಕೂಗಿ ಬೂದಿಯಾಗಿ ಉದುರಿತು.

ಒಳಗೆ ಬೂದಿಮುಖ ಬೆಳ್ಳಿ ತಟ್ಟೆ ಹಿಡಿದು ನಿಂತಿದ್ದ. ತಟ್ಟೆ ತುಂಬ ಬಿಸಿ ಬಿಸಿ ಮಾಂಸ.

"ಬಾರಯ್ಯ ಬಾ. ಪಾಪ, ನಿನ್ನ ನಾಯಿ ಬಡಕಲಾಗಿದೆ. ತಿನ್ನಲಿ ಬಿಡು" ಅಂತ ತಟ್ಟೆ ನೆಲಕ್ಕಿಟ್ಟ.

ಗುಡುಗನ ಜೊಲ್ಲು ಸುರಿಯಿತು, ಆದರೆ ಬಾಯಿ ಹಾಕಲಿಲ್ಲ. ಕತ್ತಲ್ಲಿ ಪಟ್ಟಿ ಇತ್ತಲ್ಲ! ಅಷ್ಟರಲ್ಲಿ ಕಾಗೆಯೊಂದು ಬಂದು ಒಂದು ತುಂಡು ಕುಕ್ಕಿತು. ಕುಕ್ಕಿದ್ದೇ ಕುರಿಮರಿಯಾಗಿ "ಮ್ಯಾ" ಅಂದಿತು.

ಬೂದಿಮುಖನ ಮುಖ ಇಳಿಯಿತು. "ಆಗಲಿ. ಇನ್ನೊಂದೇ ಬಾಕಿ. ನಿನ್ನ ಹೆಂಡತಿ ಯಾರು ತೋರಿಸು" ಅಂದ.

ರೊಪ್ಪದ ತುಂಬ ಕುರಿ. ಎಲ್ಲ ಒಂದೇ ಬಣ್ಣ, ಒಂದೇ ಮುಖ. "ಲಕ್ಕವ್ವಾ!" ಅಂತ ಜಟ್ಟೆಪ್ಪ ಕೂಗಿದ. ಯಾವ ಕುರಿಯೂ ತಲೆ ಎತ್ತಲಿಲ್ಲ. ಕುರಿಯಾದವರಿಗೆ ಹೆಸರೂ ಮರೆಯುತ್ತದೆ, ಗಂಡನೂ ಮರೆಯುತ್ತಾನೆ. ಗುಡುಗ ಮೂಸಿ ಮೂಸಿ ನೋಡಿತು. ಬೂದಿಯ ವಾಸನೆ ಬಿಟ್ಟು ಏನೂ ಸಿಗದೆ ಬಂದು ಕಾಲ ಬಳಿ ಕೂತಿತು.

ಹೊತ್ತು ಇಳಿಯುತ್ತಾ ಬಂತು. ಲಕ್ಕವ್ವ ಇನ್ನು ಸಿಗಲ್ಲ, ತಾನೂ ಕುರಿಯಾಗೋದೇ ಸೈ ಅಂತ ಜಟ್ಟೆಪ್ಪ ಅಂದುಕೊಂಡ. ಆಗ ಗುಡುಗನ ಕಡೆ ನೋಡಿದ. ಅಯ್ಯೋ, ನಾನು ಕುರಿಯಾಗಿಬಿಟ್ಟರೆ ಇದರ ಪಟ್ಟಿ ಬಿಚ್ಚೋರು ಯಾರು? ಮತ್ತೆ ಉಪವಾಸ ಕೂರುತ್ತಲ್ಲ!

ಮಂಡಿಯೂರಿ ಕೊಂಡಿ ಬಿಚ್ಚಿದ. ಅದು ಟಣ್ಣೆಂದಿತು.

ಆ ಸದ್ದಿಗೆ ಮಂದೆಯ ನಡುವಿನಿಂದ ಒಂದು ಕುರಿ ಮೇಯುವುದು ಬಿಟ್ಟು ತಲೆ ಎತ್ತಿತು. ಉಳಿದ ಕುರಿಗಳನ್ನು ತಳ್ಳಿಕೊಂಡು ನೆಟ್ಟಗೆ ಬಂತು. ಬಂದು ಗುಡುಗನ ಕಿವಿಯ ಹಿಂದೆ ಮೂತಿ ತೂರಿಸಿ, ಉಣ್ಣಿಹುಳ ಹುಡುಕತೊಡಗಿತು.

"ಇವಳೇ!" ಅಂತ ಜಟ್ಟೆಪ್ಪ ಅದನ್ನು ತಬ್ಬಿಕೊಂಡ.

ತಬ್ಬಿದ ಕೈಯೊಳಗೆ ಲಕ್ಕವ್ವ ಇದ್ದಳು. ಅವಳು ಗಂಡನ ಮುಖ ನೋಡುವ ಮೊದಲು ನಾಯಿಯ ಕತ್ತು ನೋಡಿದಳು.

"ಈ ಹುಣ್ಣಿಗೆ ಎಣ್ಣೆ ಹಚ್ಚಿದ್ದು ಯಾರು?"

"ನಾನೇ ಕಣೇ."

"ಅರಿಶಿನ ಕಮ್ಮಿಯಾಗಿದೆ" ಅಂದಳು. ಅಂದು, ಅವನ ಹೆಗಲಿಗೆ ತಲೆಯಿಟ್ಟು ಅತ್ತಳು.

ರೊಪ್ಪದ ತುಂಬ ಕುರಿಗಳು ಮನುಷ್ಯರಾಗಿ ಎದ್ದು ಮೈ ಕೊಡವಿಕೊಂಡರು. ಕೊಡವಿದ ಬೂದಿಯೆಲ್ಲ ಹಾರಿ ಬೂದಿಮುಖನ ಮೇಲೇ ಬಿತ್ತು. ಅವನು ಬೋಳು ಮೂತಿಯ ಟಗರಾದ. ರಾಜ ಬಾಯಲ್ಲಿದ್ದ ಹುಲ್ಲು ಉಗಿದು, "ಯಾರದಯ್ಯ ಈ ನಾಯಿ?" ಅಂತ ಕೇಳಿದ.

ಜಟ್ಟೆಪ್ಪನ ಕೈ ಮೀಸೆಯ ತನಕ ಹೋಗಿ ವಾಪಸು ಬಂತು. "ನಾಯಿ ಇವಳದು, ಬುದ್ಧೀ. ನಾನು ಈಗಷ್ಟೇ ಸಾಕೋದು ಕಲೀತಿದೀನಿ" ಅಂದ.

ಆಮೇಲೆ ಕರಿಬಯಲಿನಲ್ಲಿ ಯಾರಿಗೂ ಬೂದಿಯ ಭಯವಿರಲಿಲ್ಲ. ಆ ಟಗರು ಜಟ್ಟೆಪ್ಪನ ಮಂದೆಯಲ್ಲೇ ಮೇಯ್ದುಕೊಂಡಿತ್ತು, ಮಂದೆ ಬಿಟ್ಟು ಹೊರಟರೆ ಗುಡುಗ ಕಿವಿ ಹಿಡಿದು ತರುತ್ತಿತ್ತು. ಅದರ ಉಣ್ಣೆಯಲ್ಲಿ ಅವ್ವನಿಗೆ ಒಳ್ಳೆ ಕಂಬಳಿಯಾಯಿತು. ಸಂಜೆ ಪಟ್ಟಿ ಬಿಚ್ಚೋಕೆ ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲಿ ಕೂರುತ್ತಿದ್ದರು. ಗುಡುಗ ದಿನಾ ಲಕ್ಕವ್ವನ ಹತ್ತಿರವೇ ಹೋಗುತ್ತಿತ್ತು. ಯಾವಾಗಲೋ ಒಂದು ಸಂಜೆ ಮಾತ್ರ ಅವಳನ್ನು ದಾಟಿ ಬಂದು ಜಟ್ಟೆಪ್ಪನ ಮುಂದೆ ಕತ್ತು ಚಾಚುತ್ತಿತ್ತು. ಅವತ್ತು ಅವನು ಕಣ್ಣೊರೆಸಿಕೊಂಡೇ ಕೊಂಡಿ ಬಿಚ್ಚುತ್ತಿದ್ದ.